ದೂರು ಬಂದರಷ್ಟೇ ಅಪರಾಧವೇ?

ಪ್ರಶ್ನೆ: ಮಗಳ ಮನೆಗೆಂದು ನಾವು ಗಂಡ ಹೆಂಡತಿ ಅಮೆರಿಕದ ಸ್ಯಾನ್ ಡಿಯಾಗೋಗೆ ಹೋಗಿದ್ದೆವು. ಒಂದು ಭಾನುವಾರ ಟೋರಿ ಪೈನ್ಸ್ ಎಂಬಲ್ಲಿ ಸಮುದ್ರದ ದಂಡೆ ಹಿಡಿದು ದಕ್ಷಿಣಕ್ಕೆ ನಡೆಯುತ್ತ ಹೋದಾಗ, ಮುಂದೆ ಹತ್ತಾರು ಜನ ಗಂಡಸರು ಹೆಂಗಸರು ಮೈಮೇಲೆ ಒಂದು ನೂಲೂ ಇಲ್ಲದೆ ಬಿಸಿಲಿಗೆ ಮಲಗಿದ್ದರು. ಮೊಮ್ಮಗಳ ಕೈ ಹಿಡಿದು ಬಂದ ದಾರಿಗೇ ತಿರುಗಿದೆವು. ಅಲ್ಲಿ ಬೆತ್ತಲಾಗುವುದು ನಿಷಿದ್ಧ ಎಂದು ಅಳಿಯಂದಿರು ಹೇಳಿದರು. ಆದರೆ ಪಾರ್ಕಿನವರ ಜೀಪು ಆ ಜನರ ಪಕ್ಕದಲ್ಲೇ ಹಾದುಹೋಯಿತು, ಯಾರೂ ಏನೂ ಕೇಳಲಿಲ್ಲ. ನಿಷೇಧವಿದ್ದರೆ ಜಾರಿ ಯಾಕಿಲ್ಲ? ಜಾರಿ ಮಾಡುವುದಿಲ್ಲವಾದರೆ ನಿಷೇಧ ಯಾಕೆ? ನಮ್ಮ ಗೋವಾ, ಗೋಕರ್ಣಗಳಲ್ಲಿ ಕಾನೂನು ಏನು ಹೇಳುತ್ತದೆ? ಮುಂದಿನ ಸಲ ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಒಳ್ಳೆಯದು?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ನೀವು ನಡೆದು ತಲುಪಿದ ಜಾಗದ ಹೆಸರು ಬ್ಲ್ಯಾಕ್ಸ್ ಬೀಚ್. ನಿಮ್ಮ ಅಳಿಯಂದಿರು ಹೇಳಿದ್ದು ಸರಿ, ಅಲ್ಲಿ ಬೆತ್ತಲೆಗೆ ನಿಷೇಧವಿದೆ. ನೀವು ಕಣ್ಣಾರೆ ಕಂಡದ್ದೂ ಸರಿ, ಆ ನಿಷೇಧ ಬಹುತೇಕ ದಿನ ಕಾಗದದ ಮೇಲೆಯೇ ಉಳಿಯುತ್ತದೆ. ಎರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂಬುದರ ಹಿಂದೆ ಐವತ್ತು ವರ್ಷಕ್ಕೂ ಹಿಂದಿನಿಂದ ನಡೆದು ಬಂದ ಕಥೆಯಿದೆ. ಅದನ್ನು ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ. ನಮ್ಮ ಕಡಲತೀರಗಳ ಗೊಂದಲವೂ ಅದೇ ಜಾತಿಯದು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬೆತ್ತಲೆ ಕಾನೂನು ಎಂಬುದಿಲ್ಲ. ರಾಜ್ಯಗಳು, ಕೌಂಟಿಗಳು, ನಗರಗಳು ತಮಗೆ ತೋಚಿದಂತೆ ನಿಯಮ ಮಾಡಿಕೊಂಡಿವೆ. ಬ್ಲ್ಯಾಕ್ಸ್ ಬೀಚಿನಲ್ಲಂತೂ ಒಂದೇ ಮರಳಿಗೆ ಇಬ್ಬರು ಯಜಮಾನರು. ದಕ್ಷಿಣದ ತುಂಡು ಸ್ಯಾನ್ ಡಿಯಾಗೋ ನಗರದ್ದು, ಉತ್ತರದ ತುಂಡು ಟೋರಿ ಪೈನ್ಸ್ ರಾಜ್ಯ ಬೀಚಿಗೆ ಸೇರಿದ್ದು. ಮೇಲೆ ಸುಮಾರು 300 ಅಡಿ ಎತ್ತರದ ಕಡಿದಾದ ದಿಬ್ಬ, ದಿಬ್ಬದ ಮೇಲೆ ವಿಶ್ವವಿದ್ಯಾಲಯ ಮತ್ತು ಗ್ಲೈಡರ್ ಹಾರಿಸುವ ಬಯಲು. ಹಿಂದೆ ಅಲ್ಲಿ ಬ್ಲ್ಯಾಕ್ ಎಂಬ ಮನೆತನದವರ ಜಮೀನಿತ್ತು, ಹೆಸರು ಬಂದದ್ದು ಅವರಿಂದ. ಸುಲಭದ ದಾರಿಯಿಲ್ಲದ, ಊರಿನ ಕಣ್ಣಿಗೆ ಬೀಳದ ಜಾಗವಾದ್ದರಿಂದ ಬೆತ್ತಲಾಗಿ ಬಿಸಿಲು ಕಾಯಿಸುವವರು ಮೊದಲಿನಿಂದಲೂ ಅದನ್ನು ಆರಿಸಿಕೊಂಡರು.

ಕಥೆ ಶುರುವಾಗುವುದು 1970ರ ಆಗಸ್ಟಿನಲ್ಲಿ. ಸ್ಯಾನ್ ಡಿಯಾಗೋದ ಒಂದು ಸಾರ್ವಜನಿಕ ಬೀಚಿಗೆ ಸ್ಮಿತ್ ಎಂಬಾತ ಗೆಳೆಯನ ಜೊತೆ ಬಂದ. ಬಟ್ಟೆ ಕಳಚಿ, ಟವೆಲ್ ಹಾಸಿ ಮಲಗಿದ, ನಿದ್ದೆ ಹೋದ. ಎದ್ದಾಗ ಮುಂದೆ ಪೊಲೀಸರು. ಕ್ಯಾಲಿಫೋರ್ನಿಯಾ ದಂಡಸಂಹಿತೆಯ 314ನೇ ಕಲಮಿನಡಿ ಅಸಭ್ಯ ಪ್ರದರ್ಶನದ ಆರೋಪ ಹೊರಿಸಿದರು, ಕೆಳಗಿನ ನ್ಯಾಯಾಲಯ ತಪ್ಪಿತಸ್ಥ ಎಂದಿತು. ಶಿಕ್ಷೆ ದೊಡ್ಡದೇನೂ ಆಗಿರಲಿಲ್ಲ. ಆದರೆ ಆ ಕಲಮಿನಡಿ ಒಮ್ಮೆ ಶಿಕ್ಷೆಯಾದರೆ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ಮರಳಿನ ಮೇಲೆ ನಿದ್ದೆ ಮಾಡಿದವನ ಹೆಸರು ಮಕ್ಕಳಿಗೆ ಕಿರುಕುಳ ಕೊಟ್ಟವರ ಹೆಸರಿನ ಸಾಲಿನಲ್ಲಿ! ಸ್ಮಿತ್ ಮೇಲಿನ ಕೋರ್ಟಿಗೆ ಹೋದ. 1972ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವನ ಪರವಾಗಿ ತೀರ್ಪು ಕೊಟ್ಟಿತು. ಆ ಕಲಂ ಅನ್ವಯವಾಗಬೇಕಾದರೆ ಕಾಮದ ಉದ್ದೇಶವಿರಬೇಕು, ತನ್ನ ಅಂಗಗಳತ್ತ ಬೇರೆಯವರ ಗಮನವನ್ನು ಬೇಕೆಂದೇ ಸೆಳೆದಿರಬೇಕು. ಸುಮ್ಮನೆ ಬಟ್ಟೆಯಿಲ್ಲದೆ ಬಿಸಿಲಿಗೆ ಮಲಗಿದ ಮಾತ್ರಕ್ಕೆ ಆ ಅಪರಾಧವಾಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇದು ನ್ಯಾಯವಾದ ತೀರ್ಪು. ದೇಹ ಕಾಣುವುದು ಒಂದು, ದೇಹವನ್ನು ಇನ್ನೊಬ್ಬರ ಮೇಲೆ ಹೇರುವುದು ಇನ್ನೊಂದು. ಬಸ್ಸಿನಲ್ಲಿ ಪಕ್ಕದ ಸೀಟಿನ ಗಂಡಸು ಮಾಡುವ ಕೊಳಕು ಚೇಷ್ಟೆ ಎಂಥದೆಂದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಅದನ್ನೂ ದೂರದ ಮರಳಲ್ಲಿ ಕಣ್ಣುಮುಚ್ಚಿ ಮಲಗಿದವನನ್ನೂ ಒಂದೇ ಕಲಮಿನಡಿ ತರುವುದು ಆ ಹೆಣ್ಣುಮಕ್ಕಳಿಗೇ ಮಾಡುವ ಅನ್ಯಾಯ. ಆದರೆ ತೀರ್ಪು ಬಿಡಿಸಿದ್ದು ಒಂದು ಗಂಟನ್ನು ಮಾತ್ರ. ಬೆತ್ತಲೆ ಲೈಂಗಿಕ ಅಪರಾಧವಲ್ಲ ಎಂದಿತು, ಸಾರ್ವಜನಿಕ ಜಾಗದಲ್ಲಿ ಅದನ್ನು ನಿಯಂತ್ರಿಸಲೇಬಾರದು ಎಂದೇನೂ ಹೇಳಲಿಲ್ಲ. ಹಾಗಾಗಿ ನಗರಗಳು ತಮ್ಮ ತಮ್ಮ ಉಪನಿಯಮಗಳನ್ನು ಬರೆಯತೊಡಗಿದವು.

ಸ್ಯಾನ್ ಡಿಯಾಗೋ ಮೊದಲು ಉದಾರವಾಗಿಯೇ ನಡೆದುಕೊಂಡಿತು. 1974ರಲ್ಲಿ ಬ್ಲ್ಯಾಕ್ಸ್ ಬೀಚಿನ ಸುಮಾರು 900 ಅಡಿ ಉದ್ದದ ಪಟ್ಟಿಯನ್ನು ಗುರುತಿಸಿ, ಇಲ್ಲಿ ಈಜುಡುಗೆ ತೊಡುವುದು ಬಿಡುವುದು ಅವರವರ ಇಷ್ಟ ಎಂದಿತು. ಎಲ್ಲಿಂದ ಎಲ್ಲಿವರೆಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೇಕಾದವರು ಅಲ್ಲಿಗೆ ಹೋಗಬಹುದಿತ್ತು, ಬೇಡವಾದವರು ದೂರ ಇರಬಹುದಿತ್ತು. ಅದು ಉಳಿದದ್ದು ಮೂರು ವರ್ಷ. ಸುದ್ದಿ ಹರಡಿ ಜನ ಹೆಚ್ಚಿದರು, ದಿಬ್ಬದ ಮೇಲಿನ ನಿವಾಸಿಗಳಿಂದ ವಿರೋಧವೂ ಹೆಚ್ಚಿತು. 1977ರಲ್ಲಿ ವಿಷಯ ಮತಪೆಟ್ಟಿಗೆಯವರೆಗೆ ಹೋಯಿತು. ಬಹುಮತ ಬೇಡ ಎಂದಿತು, ನಗರ ತನ್ನ ಅನುಮತಿಯನ್ನು ಹಿಂತೆಗೆದುಕೊಂಡಿತು. ಅಂದಿನಿಂದ ದಕ್ಷಿಣದ ತುಂಡಿನಲ್ಲಿ ಬೆತ್ತಲೆ ನಿಷಿದ್ಧ.

ಜನ ಮನೆಗೆ ಹೋದರೇ? ಇಲ್ಲ, ಉತ್ತರಕ್ಕೆ ಸರಿದರು. ಅಲ್ಲಿ ಯಜಮಾನಿಕೆ ರಾಜ್ಯದ ಪಾರ್ಕು ಇಲಾಖೆಯದು. ಆ ಇಲಾಖೆಯ ನಿಯಮಾವಳಿಯ ಪ್ರಕಾರ, ಬೆತ್ತಲೆಗೆಂದೇ ಇಲಾಖೆ ಬಿಟ್ಟುಕೊಟ್ಟ ಜಾಗವನ್ನುಳಿದು ಬೇರೆಲ್ಲೂ ಯಾರೂ ಬೆತ್ತಲಾಗುವಂತಿಲ್ಲ. ಅಂಥ ಜಾಗವನ್ನು ಇಲಾಖೆ ಬಿಟ್ಟುಕೊಟ್ಟೇ ಇಲ್ಲ. 1970ರ ದಶಕದಲ್ಲಿ ಆ ಯೋಚನೆಯೇನೋ ಬಂದಿತ್ತು, ವಿರೋಧ ಎದ್ದಮೇಲೆ ಕೈಬಿಟ್ಟರು. ಕೈಬಿಡುವಾಗ, 1979ರ ಮೇ ತಿಂಗಳಲ್ಲಿ, ಇಲಾಖೆಯ ನಿರ್ದೇಶಕ ರಸೆಲ್ ಕೇಹಿಲ್ ತಮ್ಮ ಸಿಬ್ಬಂದಿಗೆ ಒಂದು ಸುತ್ತೋಲೆ ಕಳಿಸಿದರು. ಬೆತ್ತಲೆ ಬಿಸಿಲುಸ್ನಾನಕ್ಕೆ ರೂಢಿಯಿಂದ ಬಳಕೆಯಾಗುತ್ತಿರುವ ಜಾಗಗಳಲ್ಲಿ, ಸಾರ್ವಜನಿಕರಲ್ಲಿ ಯಾರಾದರೂ ದೂರು ಕೊಟ್ಟರೆ ಮಾತ್ರ ಕ್ರಮ ಕೈಗೊಳ್ಳಿ. ಆಗಲೂ ಮೊದಲು ಬಟ್ಟೆ ಹಾಕಿಕೊಳ್ಳುವಂತೆ ಹೇಳಿ. ಕೇಳದಿದ್ದರೆ ಮಾತ್ರ ದಂಡದ ಚೀಟಿ ಅಥವಾ ಬಂಧನ. ಸುತ್ತೋಲೆಯ ಸಾರಾಂಶ ಇಷ್ಟು. ಕೇಹಿಲ್ ನೀತಿ ಎಂದೇ ಅದಕ್ಕೆ ಹೆಸರು ನಿಂತಿತು.

ನಿಮ್ಮ ಜೀಪಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಟೋರಿ ಪೈನ್ಸ್ ಕಡೆಯಿಂದ ದಕ್ಷಿಣಕ್ಕೆ ನಡೆದ ನೀವು ಇನ್ನೂ ರಾಜ್ಯದ ತುಂಡಿನಲ್ಲೇ ಇದ್ದಿರಿ. ಆ ಸಿಬ್ಬಂದಿ ನಿಯಮ ಮರೆತಿರಲಿಲ್ಲ, ಅಲ್ಲಿ ದಶಕಗಳಿಂದ ಬಂದ ರೂಢಿಯಂತೆ ನಡೆದುಕೊಂಡರು. ನೀವು ಜೀಪು ನಿಲ್ಲಿಸಿ ದೂರು ಕೊಟ್ಟಿದ್ದರೆ ಬಹುಶಃ ಅವರು ಇಳಿದು ಹೋಗಿ, ಬಟ್ಟೆ ಹಾಕಿಕೊಳ್ಳಿ ಎಂದು ಆ ಜನಕ್ಕೆ ಹೇಳುತ್ತಿದ್ದರು. ಅವರು ಹಾಕಿಕೊಳ್ಳುತ್ತಿದ್ದರು. ನೀವು ತಿರುಗಿ ಹೋದಮೇಲೆ ಮತ್ತೆ ಕಳಚುತ್ತಿದ್ದರು.

ಈ ಏರ್ಪಾಟಿನಲ್ಲಿ ಒಂದು ಮಾನವೀಯತೆಯಿದೆ, ಅದನ್ನು ಒಪ್ಪಬೇಕು. ಯಾರಿಗೂ ತೊಂದರೆಯಾಗದಿದ್ದಾಗ ಸರ್ಕಾರ ತನ್ನ ಕೋಲು ಎತ್ತುವುದಿಲ್ಲ. ಯಾರಿಗಾದರೂ ತೊಂದರೆಯಾದರೆ ಮೊದಲು ಮಾತು, ಆಮೇಲೆ ದಂಡ. ಬಹಳ ವರ್ಷ ಬಹಳ ಜನ ಇದರ ನೆರಳಲ್ಲಿ ನೆಮ್ಮದಿಯಾಗಿದ್ದರು. ಹಾಗಿದ್ದೂ ಇದರ ತಳಪಾಯ ಸರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬ ಮನುಷ್ಯ ಬೆಳಿಗ್ಗೆ ಹತ್ತಕ್ಕೆ ಮಾಡಿದ್ದು ತಪ್ಪಲ್ಲ, ಹನ್ನೊಂದಕ್ಕೆ ಅದೇ ಕೆಲಸ ತಪ್ಪು. ನಡುವೆ ಅವನ ನಡತೆಯಲ್ಲಿ ಏನೂ ಬದಲಾಗಿಲ್ಲ, ದಾರಿಹೋಕರೊಬ್ಬರ ಮನಸ್ಸು ಕಸಿವಿಸಿಗೊಂಡಿದೆ, ಅಷ್ಟೆ. ತನ್ನ ನಡತೆಯನ್ನು ನೋಡಿಕೊಂಡು ತಾನು ಕಾನೂನಿನ ಯಾವ ಬದಿಯಲ್ಲಿದ್ದೇನೆ ಎಂದು ತಿಳಿಯುವ ಹಕ್ಕು ಪ್ರತಿಯೊಬ್ಬರಿಗೂ ಇರಬೇಕು. ಕೇಹಿಲ್ ನೀತಿ ಆ ತಿಳಿವನ್ನು ಕೊಡಲಿಲ್ಲ, ಸಲಿಗೆಯನ್ನಷ್ಟೇ ಕೊಟ್ಟಿತು.

ಆ ಸಲಿಗೆ ಎಷ್ಟು ತೆಳುವಾದದ್ದು ಎಂಬುದು ಸ್ಯಾನ್ ಡಿಯಾಗೋದಿಂದ ಉತ್ತರಕ್ಕಿರುವ ಸ್ಯಾನ್ ಓನೋಫ್ರೆ ರಾಜ್ಯ ಬೀಚಿನಲ್ಲಿ ಗೊತ್ತಾಯಿತು. ಅಲ್ಲಿ ಆರನೇ ಕಾಲುದಾರಿಯ ಕೊನೆಗೆ ಬೆತ್ತಲೆ ಬಿಸಿಲುಸ್ನಾನದವರು ದಶಕಗಳಿಂದ ಬರುತ್ತಿದ್ದರು. 2008ರಲ್ಲಿ ಪಾರ್ಕು ಇಲಾಖೆ, ಇನ್ನು ಮುಂದೆ ಇಲ್ಲಿ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿ ಮಾಡುತ್ತೇವೆ, ದೂರಿಗೆ ಕಾಯುವುದಿಲ್ಲ ಎಂದಿತು. ಬೆತ್ತಲೆ ಬಿಸಿಲುಸ್ನಾನದವರ ಸಂಘಟನೆ ಕೋರ್ಟಿಗೆ ಹೋಯಿತು. ಸುಮಾರು 30 ವರ್ಷ ನಡೆದುಬಂದ ನೀತಿ, ಜನ ಅದನ್ನು ನಂಬಿ ಬಂದಿದ್ದಾರೆ, ಬದಲಿಸುವ ಮುನ್ನ ಸಾರ್ವಜನಿಕರ ಅಹವಾಲು ಕೇಳಬೇಕು ಎಂಬುದು ಅವರ ವಾದ. ಕೆಳಗಿನ ಕೋರ್ಟು ಒಪ್ಪಿತು, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಕೇಹಿಲ್ ಸುತ್ತೋಲೆ ವಿಧಿವತ್ತಾಗಿ ಮಾಡಿದ ನಿಯಮವೇ ಅಲ್ಲ, ಆದ್ದರಿಂದ ಇಲಾಖೆ ಅದನ್ನು ಬದಿಗಿಡಬಹುದು ಎಂಬುದು ಆ ತೀರ್ಪಿನ ತಾತ್ಪರ್ಯ. ಮೂವತ್ತು ವರ್ಷ ಒಂದೇ ಜಾಗಕ್ಕೆ ಬಂದವರಿಗೆ ತಮ್ಮ ಕೈಯಲ್ಲಿ ಹಕ್ಕೇನೂ ಇರಲಿಲ್ಲವೆಂದು ಅಂದು ತಿಳಿಯಿತು. ಅದೇ ರಾಜ್ಯ, ಅದೇ ಇಲಾಖೆ, ಅದೇ ನಿಯಮ. ಆದರೂ ಸ್ಯಾನ್ ಓನೋಫ್ರೆಯಲ್ಲಿ ಚೀಟಿ ಬಿತ್ತು, ಬ್ಲ್ಯಾಕ್ಸ್ ಬೀಚಿನ ಉತ್ತರ ತುದಿಯಲ್ಲಿ ಜೀಪು ಮುಂದೆ ಹೋಯಿತು.

ಇದೇ ಅಮೆರಿಕದಲ್ಲಿ ಗೊಂದಲವಿಲ್ಲದ ಜಾಗಗಳೂ ಇವೆ. ಫ್ಲೋರಿಡಾದ ಕಾನೂನು ಸಾರ್ವಜನಿಕವಾಗಿ ಬೆತ್ತಲಾಗುವುದನ್ನು ನಿಷೇಧಿಸುತ್ತದೆ, ಆದರೆ ಅದಕ್ಕೆಂದೇ ಬಿಟ್ಟುಕೊಟ್ಟ ಜಾಗಕ್ಕೆ ವಿನಾಯಿತಿ ಕೊಡುತ್ತದೆ. ಮಯಾಮಿ ಹತ್ತಿರದ ಹಾಲೋವರ್ ಬೀಚಿನ ಒಂದು ಭಾಗ 1991ರಿಂದ ಅಂಥ ಜಾಗ. ಕೌಂಟಿಯೇ ಅದನ್ನು ನೋಡಿಕೊಳ್ಳುತ್ತದೆ, ಜೀವರಕ್ಷಕರಿದ್ದಾರೆ. ಇದರಾಚೆ ಬೆತ್ತಲೆ ಜನ ಕಾಣಬಹುದು ಎಂದು ಮೊದಲೇ ತಿಳಿಸುವ ಫಲಕವಿದೆ. ನ್ಯೂಜೆರ್ಸಿಯ ಸ್ಯಾಂಡಿ ಹುಕ್‌ನಲ್ಲಿರುವ ಗನಿಸನ್ ಬೀಚು ಕೇಂದ್ರ ಸರ್ಕಾರದ ನೆಲ. ಅಲ್ಲಿಯೂ ಬೆತ್ತಲೆಗೆ ಅವಕಾಶವಿದೆ, ಅಲ್ಲಿಯೂ ಫಲಕವಿದೆ. ಹೀಗೆ ಗಡಿ ಗುರುತಿಸಿದಾಗ ಅಜ್ಜಿ ಮೊಮ್ಮಗಳಿಗೆ ಅನಿರೀಕ್ಷಿತವೇನೂ ಎದುರಾಗುವುದಿಲ್ಲ. ಮಲಗಿದವರೂ ಪೊಲೀಸರ ಬೂಟಿನ ಸದ್ದಿಗೆ ಬೆಚ್ಚಬೇಕಾಗಿಲ್ಲ. ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ನನ್ನ ಉತ್ತರ ಇದೇ: ಬ್ಲ್ಯಾಕ್ಸ್ ಬೀಚಿನಲ್ಲಿ ಬೇಕಾಗಿದ್ದದ್ದು ಗಡಿ, ಸಿಕ್ಕಿದ್ದು ಸುತ್ತೋಲೆ. ಮತದಾರರಿಗೆ ನಿಷೇಧ ಉಳಿಯಿತೆಂಬ ಸಮಾಧಾನ, ಬರುವವರಿಗೆ ಹಿಡಿಯುವುದಿಲ್ಲವೆಂಬ ಸಮಾಧಾನ. ಎರಡನ್ನೂ ಕೊಡಲು ಹೋಗಿ ಇಲಾಖೆ ಯಾರಿಗೂ ನಿಜ ಹೇಳಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ.

ಭಾರತದಲ್ಲಿ ಬೆತ್ತಲಾಗುವುದು ಅಪರಾಧ ಎಂದು ನೇರವಾಗಿ ಬರೆದ ಕಲಂ ದಂಡಸಂಹಿತೆಯಲ್ಲಿಲ್ಲ. ಕಡಲತೀರದಲ್ಲಿ ಪೊಲೀಸರು ಬಳಸುತ್ತಿದ್ದದ್ದು ಹಳೆಯ ಭಾರತೀಯ ದಂಡಸಂಹಿತೆಯ 294ನೇ ಕಲಮನ್ನು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 296ನೇ ಕಲಂ. ಸಾರ್ವಜನಿಕ ಸ್ಥಳದಲ್ಲಿ, ಬೇರೆಯವರಿಗೆ ಕಿರಿಕಿರಿಯಾಗುವಂತೆ, ಅಶ್ಲೀಲ ಕೃತ್ಯ ಮಾಡಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದು, ಜಾಮೀನು ಸಿಗುತ್ತದೆ. ಈ ಕಲಮಿಗೆ ಎರಡು ಕಂಬಗಳು: ಕೃತ್ಯ ಅಶ್ಲೀಲವಾಗಿರಬೇಕು, ಅದರಿಂದ ಯಾರಿಗಾದರೂ ಕಿರಿಕಿರಿಯಾಗಿರಬೇಕು. ಎರಡನೇ ಕಂಬವನ್ನು ಗಮನಿಸಿ. ಕ್ಯಾಲಿಫೋರ್ನಿಯಾದಲ್ಲಿ ಸುತ್ತೋಲೆಯಿಂದ ಬಂದ ದೂರಿನ ಷರತ್ತು ನಮ್ಮಲ್ಲಿ ಬೇರೊಂದು ರೂಪದಲ್ಲಿ ಬ್ರಿಟಿಷರ ಕಾಲದ ಕಾನೂನಿನೊಳಗೇ ಕೂತಿದೆ.

ಮೊದಲನೆಯ ಕಂಬದ ಬಗ್ಗೆ ನಮ್ಮ ನ್ಯಾಯಾಲಯಗಳು ಸ್ಪಷ್ಟವಾಗಿ ಮಾತಾಡಿವೆ. 2014ರಲ್ಲಿ ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರ ಜೀವನಸಂಗಾತಿಯ ಬೆತ್ತಲೆ ಚಿತ್ರವನ್ನು ಪತ್ರಿಕೆಯೊಂದು ಮರುಮುದ್ರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೆತ್ತಲೆ ಚಿತ್ರವೆಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗುವುದಿಲ್ಲ, ಸಮಕಾಲೀನ ಸಮಾಜದ ಅಳತೆಗೋಲಿನಿಂದ ಸಂದರ್ಭವನ್ನು ನೋಡಿ ತೀರ್ಮಾನಿಸಬೇಕು ಎಂದಿತು. 2023ರಲ್ಲಿ ಕೇರಳ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಾಯಿಯೊಬ್ಬಳು ತನ್ನ ಬರಿಯ ಎದೆಯ ಮೇಲೆ ಮಕ್ಕಳಿಂದ ಚಿತ್ರ ಬರೆಸಿ ವಿಡಿಯೊ ಹಾಕಿದ್ದ ಪ್ರಕರಣ ಅದು. ಗಂಡಸಿನ ಬರಿಮೈಯನ್ನು ಸಹಜವೆಂದೂ ಹೆಂಗಸಿನದನ್ನು ಕಾಮವೆಂದೂ ನೋಡುವ ಇಬ್ಬಗೆಯನ್ನು ಹೈಕೋರ್ಟ್ ಬೆರಳಿಟ್ಟು ತೋರಿಸಿತು, ಆಕೆಯನ್ನು ಆರೋಪಗಳಿಂದ ಮುಕ್ತಗೊಳಿಸಿತು. ಅದೇ ಇಬ್ಬಗೆ ಕ್ಯಾಲಿಫೋರ್ನಿಯಾದ ಪಾರ್ಕು ನಿಯಮದಲ್ಲಿ ಇಂದಿಗೂ ಅಕ್ಷರರೂಪದಲ್ಲಿದೆ: ಎದೆ ತೆರೆದರೆ ಹೆಂಗಸು ಮಾತ್ರ ಬೆತ್ತಲೆ, ಗಂಡಸು ಅಲ್ಲ.

ತೀರ್ಪುಗಳು ಹೀಗಿದ್ದರೂ ಠಾಣೆಯ ಮಟ್ಟದಲ್ಲಿ ಕೆಲಸ ಮಾಡುವುದು ಎರಡನೇ ಕಂಬ. 2020ರ ನವೆಂಬರಿನ ಮೊದಲ ವಾರದಲ್ಲಿ ಗೋವಾದಲ್ಲಿ ನಡೆದದ್ದನ್ನು ನೋಡಿ. ನಟ ಮಿಲಿಂದ್ ಸೋಮನ್ ತಮ್ಮ 55ನೇ ಹುಟ್ಟುಹಬ್ಬಕ್ಕೆ ಗೋವಾದ ಬೀಚಿನಲ್ಲಿ ಬೆತ್ತಲಾಗಿ ಓಡುತ್ತಿರುವ ಚಿತ್ರವನ್ನು ಜಾಲತಾಣದಲ್ಲಿ ಹಾಕಿದರು. ಅದೇ ದಿನಗಳಲ್ಲಿ ನಟಿ ಪೂನಂ ಪಾಂಡೆ ಕಾಣಕೋಣದ ಚಾಪೋಲಿ ಅಣೆಕಟ್ಟಿನ ಬಳಿ ಅರೆಬೆತ್ತಲೆಯಾಗಿ ಚಿತ್ರೀಕರಿಸಿದ ವಿಡಿಯೊ ಹೊರಬಂತು. ಇಬ್ಬರ ಮೇಲೂ ರಾಜಕೀಯ ಪಕ್ಷಗಳವರಿಂದ ದೂರು ಬಂತು, ಇಬ್ಬರ ಮೇಲೂ ಪ್ರಕರಣ ದಾಖಲಾಯಿತು. ಆದರೆ ಪಾಂಡೆಯನ್ನು ಹೋಟೆಲಿನಿಂದ ವಶಕ್ಕೆ ಪಡೆದು ಬಂಧಿಸಿದರು, ಆಕೆ ಜಾಮೀನಿನ ಮೇಲೆ ಹೊರಬರಬೇಕಾಯಿತು. ಇಬ್ಬರು ಪೊಲೀಸರು ಅಮಾನತಾದರು. ಸೋಮನ್ ವಿಷಯ ಎಫ್‌ಐಆರ್‌ಗೆ ನಿಂತಿತು, ಬಂಧನವಾಗಲಿಲ್ಲ. ಅಣೆಕಟ್ಟು ಸರ್ಕಾರಿ ಆಸ್ತಿ ಎಂಬ ವ್ಯತ್ಯಾಸ ಇತ್ತು, ನಿಜ. ಆದರೂ ಪೂರ್ತಿ ಬೆತ್ತಲಾದ ಗಂಡಸು ದೇಹದಾರ್ಢ್ಯಕ್ಕೆ ಮೆಚ್ಚುಗೆ ಪಡೆದು, ಅರೆಬೆತ್ತಲೆಯ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದ್ದು ಅಂದು ಬಹಳ ಜನರ ಕಣ್ಣಿಗೆ ಬಿತ್ತು. ನನಗೂ ಅದು ನ್ಯಾಯವಾಗಿ ತೋರುವುದಿಲ್ಲ.

ಇನ್ನೂ ಒಂದು ಸಂಗತಿಯಿದೆ. ಎರಡು ದೂರುಗಳೂ ಹುಟ್ಟಿದ್ದು ಫೋನಿನ ಪರದೆಯ ಮೇಲೆ. ಸ್ಥಳದಲ್ಲಿದ್ದವರಿಗೆ ಕಿರಿಕಿರಿಯಾಗಬೇಕು ಎಂಬ ಉದ್ದೇಶದಿಂದ ಬರೆದ ಕಲಂ ಇಂದು ಊರಾಚೆ ಕೂತು ಚಿತ್ರ ನೋಡಿದವರ ಕೈಗೆ ಬಂದಿದೆ. ಗೋವಾದ ಅಂಜುನಾ ತೀರದಲ್ಲಿ 1960ರ ದಶಕದ ಕೊನೆಯಿಂದ ಹಿಪ್ಪಿಗಳು ಬೆತ್ತಲಾಗಿ ಓಡಾಡಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಬೆತ್ತಲೆ ನಿಷಿದ್ಧ ಎಂಬ ಫಲಕಗಳು ಬಂದವು. ಫಲಕವಿದ್ದೂ ದೂರದ ಒಂಟಿ ತೀರಗಳಲ್ಲಿ ಯಾರೂ ಕೇಳುವುದಿಲ್ಲ, ಜನ ಸೇರುವ ತೀರಗಳಲ್ಲಿ ಕೇಳುತ್ತಾರೆ. ವಿದೇಶಿಯಾದರೆ ಬಟ್ಟೆ ಹಾಕಿಕೊಳ್ಳಿ ಎಂಬ ಎಚ್ಚರಿಕೆಗೆ ಮುಗಿಯುವುದು ನಮ್ಮವರಾದರೆ ಠಾಣೆಯವರೆಗೆ ಹೋಗುವ ಸಂಭವ ಹೆಚ್ಚು.

ಗೋಕರ್ಣದಲ್ಲಿ ಮಾತು ಇನ್ನೂ ಸೂಕ್ಷ್ಮ. ಮಹಾಬಲೇಶ್ವರನ ದರ್ಶನಕ್ಕೆ ಬಂದವರು ಊರ ಮುಂದಿನ ಕಡಲಲ್ಲಿ ಮುಳುಗು ಹಾಕುತ್ತಾರೆ, ಅಲ್ಲೇ ಪಿತೃಕಾರ್ಯಗಳೂ ನಡೆಯುತ್ತವೆ. ಗುಡ್ಡ ದಾಟಿದರೆ ಕುಡ್ಲೆ, ಅದರಾಚೆ ಓಂ ಬೀಚ್, ಹಾಫ್ ಮೂನ್, ಪ್ಯಾರಡೈಸ್. ದೂರ ಹೋದಷ್ಟೂ ಯಾತ್ರಿಕರು ಕಡಿಮೆ, ಪ್ರವಾಸಿಗಳು ಹೆಚ್ಚು. ಆ ಗುಡ್ಡಗಳೇ ಒಂದು ಬಗೆಯ ಗಡಿಯಾಗಿ ಬಹಳ ಕಾಲ ಕೆಲಸ ಮಾಡಿದವು. ರಸ್ತೆ, ಆಟೋ, ರೆಸಾರ್ಟು ಬಂದಮೇಲೆ ಆ ಗಡಿ ಕರಗಿತು. ಇಲ್ಲಿ ನೆನಪಿಡಬೇಕಾದ್ದು, ಬಿಕಿನಿ ಅಥವಾ ಈಜುಡುಗೆ ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. ಬೆತ್ತಲೆಗೆ ಮಾತ್ರ 296ನೇ ಕಲಮಿನ ಭಯ.

ಈಜುಡುಗೆಯ ಹೆಂಗಸರನ್ನು ಹಿಂಬಾಲಿಸಿ, ಸೆಲ್ಫಿಗೆ ಕಾಡಿಸಿ, ಮೊಬೈಲಿನಲ್ಲಿ ಕದ್ದು ವಿಡಿಯೊ ಮಾಡುವ ಗಂಡಸರ ಗುಂಪುಗಳ ಮಾತು ಬಂದಾಗ ಮಾತ್ರ ನಾವು ಮೆತ್ತಗಾಗುತ್ತೇವೆ. ಹೆಣ್ಣಿನ ಮಾನಕ್ಕೆ ಕುಂದು ತರುವ, ಆಕೆಯ ಖಾಸಗಿತನಕ್ಕೆ ನುಗ್ಗುವ ವರ್ತನೆಗೆ ನ್ಯಾಯ ಸಂಹಿತೆಯ 79ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ಬೆತ್ತಲೆಗೆ ಹಾಕುವ ಕಲಮಿನಲ್ಲಿ ಮೂರು ತಿಂಗಳು. ಯಾವುದು ದೊಡ್ಡ ತಪ್ಪು ಎಂದು ಶಾಸನವೇ ಹೇಳಿಬಿಟ್ಟಿದೆ. ಜಾರಿಯಲ್ಲಿ ಅದು ತಲೆಕೆಳಗಾಗುತ್ತದೆ: ಸಣ್ಣ ತಪ್ಪಿಗೆ ಸುದ್ದಿವಾಹಿನಿ, ಎಫ್‌ಐಆರ್, ದೊಡ್ಡ ತಪ್ಪಿಗೆ ಹುಡುಗರು ಬಿಡಿ ಎಂಬ ಉಡಾಫೆ. ಈ ಇಡೀ ವಿಷಯದಲ್ಲಿ ನನ್ನನ್ನು ನಿಜವಾಗಿ ಸಿಟ್ಟಿಗೆಬ್ಬಿಸುವುದು ಇದೊಂದೇ.

ನಮ್ಮ ಸಂಸ್ಕೃತಿಗೆ ಬೆತ್ತಲೆ ಹೊಂದದು ಎಂಬ ಮಾತನ್ನು ನಿಮ್ಮ ಪತ್ರ ಹೇಳಿಲ್ಲ. ಆದರೆ ಈ ಚರ್ಚೆಯಲ್ಲಿ ಅದು ಬಂದೇ ಬರುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ದಿಗಂಬರನಾಗಿ ನಿಂತ ಬಾಹುಬಲಿಯ ಎದುರು ನಾವೆಲ್ಲ ತಲೆಬಾಗಿದ್ದೇವೆ. ದಿಗಂಬರ ಮುನಿಗಳು ವಿಹಾರಕ್ಕೆ ಹೊರಟಾಗ ಊರಿನವರು ರಸ್ತೆಗೆ ಬಂದು ಕೈಮುಗಿಯುತ್ತಾರೆ. 296ನೇ ಕಲಮಿನಲ್ಲಿ ಅವರಿಗೆಂದು ಬೇರೆ ವಿನಾಯಿತಿ ಬರೆದಿಲ್ಲ. ಅವರ ತ್ಯಾಗದಲ್ಲಿ ಅಶ್ಲೀಲತೆಯೇ ಇಲ್ಲವಾದ್ದರಿಂದ ಕಲಂ ಅವರನ್ನು ಮುಟ್ಟುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಅಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ಸಲ್ಲಿಸುವ ಪದ್ಧತಿಯ ಹೊರೆಯನ್ನು ಹೊತ್ತವರು ಹೆಚ್ಚಾಗಿ ಬಡ, ದಲಿತ ಹೆಣ್ಣುಮಕ್ಕಳು. 1986ರ ಮಾರ್ಚಿನಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ, ಪೊಲೀಸರ ಮೇಲೆ ಗುಂಪು ಹಲ್ಲೆ ಮಾಡಿ ಅವರ ಬಟ್ಟೆಯನ್ನೇ ಕಿತ್ತುಹಾಕಿತು. ಆ ಬಳಿಕ ಸರ್ಕಾರ ಪದ್ಧತಿಯನ್ನು ನಿಷೇಧಿಸಿತು, ನಿಷೇಧವನ್ನು ಉಳಿಸಿಕೊಂಡೂ ಬಂತು. ಅದು ಸರಿಯಾದ ನಿಷೇಧ. ಅಲ್ಲಿ ಯಾವ ಯಾತ್ರಿಕನೂ ಕಿರಿಕಿರಿಯಾಯಿತೆಂದು ದೂರು ಕೊಡುತ್ತಿರಲಿಲ್ಲ. ದೂರಿಗೆ ಕಾದಿದ್ದರೆ ಆ ಪದ್ಧತಿ ಇಂದಿಗೂ ನಡೆಯುತ್ತಿತ್ತು. ಒತ್ತಾಯವಿದ್ದಲ್ಲಿ ಸರ್ಕಾರ ದೂರಿಲ್ಲದೆಯೂ ನುಗ್ಗಬೇಕು, ಒತ್ತಾಯವಿಲ್ಲದೆಡೆ ಗಡಿ ಹಾಕಿ ದೂರ ನಿಲ್ಲಬೇಕು. ಈಗ ನಡೆಯುತ್ತಿರುವುದು ಇವೆರಡೂ ಅಲ್ಲ.

ದೂರಿನ ಬೆನ್ನುಹತ್ತಿ ನಡೆಯುವ ಜಾರಿ ಎತ್ತ ಬೇಕಾದರೂ ತಿರುಗುತ್ತದೆ ಎಂಬುದಕ್ಕೆ ಫ್ರಾನ್ಸ್ ಸಾಕ್ಷಿ. 2016ರ ಬೇಸಿಗೆಯಲ್ಲಿ ಅಲ್ಲಿನ ಹಲವು ಕರಾವಳಿ ಊರುಗಳು ಮುಸ್ಲಿಂ ಹೆಂಗಸರು ಮೈಮುಚ್ಚುವ ಬುರ್ಕಿನಿ ತೊಟ್ಟು ಬೀಚಿಗೆ ಬರುವುದನ್ನೇ ನಿಷೇಧಿಸಿದವು. ಆಗಸ್ಟ್ 26ರಂದು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ವಿಲ್‌ನವ್ ಲೂಬೆ ಎಂಬ ಊರಿನ ಆದೇಶವನ್ನು ತಡೆಹಿಡಿಯಿತು. ನಾಲ್ಕು ವರ್ಷದ ಮೇಲೆ, 2020ರ ಆಗಸ್ಟಿನಲ್ಲಿ, ಸೇಂಟ್ ಮರಿ ಲ ಮೆರ್ ಎಂಬಲ್ಲಿ ಮಕ್ಕಳೊಂದಿಗೆ ಬಂದ ಕುಟುಂಬವೊಂದು ಹೇಳಿತೆಂದು ಪೊಲೀಸರು ಎದೆ ತೆರೆದು ಮಲಗಿದ್ದ ಹೆಂಗಸರಿಗೆ ಮುಚ್ಚಿಕೊಳ್ಳುವಂತೆ ಸೂಚಿಸಿದರು. ಆ ಊರಲ್ಲಿ ಅದಕ್ಕೆ ನಿಷೇಧವೇ ಇರಲಿಲ್ಲ. ಗೃಹಮಂತ್ರಿಯೇ ಹೆಂಗಸರ ಪರ ಮಾತಾಡಬೇಕಾಯಿತು. ಒಮ್ಮೆ ಬಟ್ಟೆ ಹೆಚ್ಚಾಯಿತೆಂದು, ಇನ್ನೊಮ್ಮೆ ಕಡಿಮೆಯಾಯಿತೆಂದು. ಎರಡು ಸಲವೂ ಪೊಲೀಸರ ಎದುರು ನಿಂತವಳು ಹೆಂಗಸು.

ಕೊನೆಗೆ, ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂಬ ನಿಮ್ಮ ಪ್ರಶ್ನೆ. ಸ್ಯಾನ್ ಡಿಯಾಗೋದಲ್ಲಿ ಟೋರಿ ಪೈನ್ಸ್ ರಾಜ್ಯ ಬೀಚಿಗೇ ಹೋಗಬಹುದು. ವಾಹನ ನಿಲುಗಡೆ ಇರುವ ಉತ್ತರದ ಪ್ರವೇಶದ ಹತ್ತಿರ ಇರಿ, ದಿಬ್ಬದ ಬುಡದಲ್ಲಿ ದಕ್ಷಿಣಕ್ಕೆ ದೂರ ನಡೆಯಬೇಡಿ. ಭರತ ಬಂದಾಗ ಅಲ್ಲಿ ದಿಬ್ಬಕ್ಕೂ ನೀರಿಗೂ ನಡುವೆ ಜಾಗ ಉಳಿಯುವುದಿಲ್ಲ, ಮಣ್ಣು ಕುಸಿಯುವುದೂ ಉಂಟು, ಹಾಗಾಗಿ ಮಗುವಿದ್ದಾಗ ಅದು ಬೇರೆ ಕಾರಣಕ್ಕೂ ಬೇಡ. ಇನ್ನೂ ಒಳ್ಳೆಯದು ಬ್ಲ್ಯಾಕ್ಸ್ ಬೀಚಿನ ದಕ್ಷಿಣಕ್ಕಿರುವ ಲಾ ಹೋಯಾ ಶೋರ್ಸ್. ಅಲೆ ಮೃದು, ಜೀವರಕ್ಷಕರಿದ್ದಾರೆ, ಮಕ್ಕಳಿಗೆ ಆಟದ ಜಾಗವಿದೆ. ಅಲ್ಲಿಂದ ಉತ್ತರಕ್ಕೆ ಸ್ಕ್ರಿಪ್ಸ್ ಸಂಸ್ಥೆಯ ಉದ್ದನೆಯ ಕಟ್ಟೆ ಕಾಣುತ್ತದೆ, ಅದನ್ನು ದಾಟದಿದ್ದರೆ ಸಾಕು. ಅಕಸ್ಮಾತ್ ಮತ್ತೆ ಅಂಥ ಜನ ಎದುರಾದರೆ ನೀವು ಅಂದು ಮಾಡಿದಂತೆ ತಿರುಗಿ ಬರುವುದೇ ಸರಿ. ಫೋನು ಮಾತ್ರ ಹೊರತೆಗೆಯಬೇಡಿ, ನಿಮ್ಮ ಜೊತೆಗೆ ಬಂದ ಹುಡುಗರಿಗೂ ಹೇಳಿ. ವೀಸಾದ ಮೇಲಿರುವ ಅಳಿಯಂದಿರಿಗೆ, ಅವರ ಗೆಳೆಯರಿಗೆ ಇನ್ನೊಂದು ಮಾತು: ಎಲ್ಲರೂ ಮಾಡುತ್ತಾರೆಂದು ಅಲ್ಲಿ ಬಟ್ಟೆ ಕಳಚುವ ಮುನ್ನ, ಒಂದೇ ಒಂದು ಬಂಧನದ ದಾಖಲೆ ಕೂಡ ವೀಸಾ ನವೀಕರಣದ ಹೊತ್ತಿಗೆ ಪ್ರಶ್ನೆಯಾಗಿ ಬರಬಹುದೆಂದು ನೆನಪಿರಲಿ.

ಮೊಮ್ಮಗಳು ಏನಾದರೂ ಕೇಳಿದಳೇ ಎಂದು ನೀವು ಬರೆದಿಲ್ಲ. ಕೇಳಿದ್ದರೆ, ಕೆಲವರಿಗೆ ಹಾಗೆ ಬಿಸಿಲಿಗೆ ಮಲಗುವುದು ಇಷ್ಟ, ನಮಗೆ ಇಷ್ಟವಿಲ್ಲ, ಅದಕ್ಕೇ ಬೇರೆ ಕಡೆ ಹೋಗುತ್ತಿದ್ದೇವೆ ಎಂದು ಹೇಳಿದರೆ ಆ ವಯಸ್ಸಿಗೆ ಅಷ್ಟು ಸಾಕು.